ಲೈಟ್ ಗನ್: ಮನೆಯ ಆರ್ಕೇಡ್ ಕ್ಯಾಬಿನೆಟ್‌ಗೆ ತಕ್ಕದ್ದರ ಆಯ್ಕೆ

ವಿಡಿಯೋ ಗೇಮಿನ ಪರದೆಯ ಮೇಲೆ ಕಾಣುವ ಗುರಿಗೆ ಹೊಡೆಯಲು ಬಳಸುವ, ಬಂದೂಕಿನ ಆಕಾರದ ನಿಯಂತ್ರಕವೇ ಲೈಟ್ ಗನ್. ಇದರ ನಳಿಕೆಯಿಂದ ಗುಂಡಾಗಲಿ ಕಿರಣವಾಗಲಿ ಹೊರಗೆ ಬರುವುದಿಲ್ಲ. ಪರದೆಯ ಕಡೆಯಿಂದ ಬರುವ ಬೆಳಕನ್ನು ನಳಿಕೆಯೊಳಗಿನ ಸಂವೇದಕ ಗ್ರಹಿಸುತ್ತದೆ. ಟ್ರಿಗರ್ ಎಳೆದ ಗಳಿಗೆಯಲ್ಲಿ ಬಂದೂಕು ಎತ್ತ ತಿರುಗಿತ್ತು ಎಂಬುದನ್ನು ಅದರಿಂದ ಲೆಕ್ಕ ಹಾಕಲಾಗುತ್ತದೆ. ಈ ಲೆಕ್ಕ ಹಾಕುವ ವಿಧಾನಗಳು ಹಲವು. ಒಂದು ಬಗೆಯ ಪರದೆಗೆ ಹೊಂದುವ ಬಂದೂಕು ಇನ್ನೊಂದು ಬಗೆಯ ಪರದೆಯ ಮುಂದೆ ಸಂಪೂರ್ಣ ನಿರುಪಯುಕ್ತವಾಗಬಹುದು. ಆದ್ದರಿಂದ ಮನೆಯಲ್ಲಿ ಆರ್ಕೇಡ್ ಕ್ಯಾಬಿನೆಟ್ ಕಟ್ಟಿಕೊಳ್ಳುವವರು ಬಂದೂಕನ್ನು ಆರಿಸುವ ಮೊದಲು ಎರಡು ಸಂಗತಿಗಳನ್ನು ತೀರ್ಮಾನಿಸಿಕೊಳ್ಳಬೇಕು: ಪರದೆ ಯಾವುದು, ಆಡುವವರು ಅದರಿಂದ ಎಷ್ಟು ದೂರ ನಿಲ್ಲುತ್ತಾರೆ. ಬೆಲೆ, ರೂಪ, ಬಣ್ಣ, ಒದೆತ ಇವೆಲ್ಲ ಆಮೇಲಿನ ಮಾತು.

ಹಿನ್ನೆಲೆ

ಬೆಳಕಿನಿಂದ ಗುರಿ ಹೊಡೆಯುವ ಆಟ ವಿಡಿಯೋ ಗೇಮಿಗಿಂತ ಹಳೆಯದು. ಷಿಕಾಗೋದ ಜೂಕ್‌ಬಾಕ್ಸ್ ಕಂಪನಿ ಸೀಬರ್ಗ್ 1936ರಲ್ಲಿ ಹೊರತಂದ ರೇ-ಓ-ಲೈಟ್ ಯಂತ್ರದಲ್ಲಿ ಬಾತುಕೋಳಿಯ ಗೊಂಬೆಯೊಳಗೆ ಬೆಳಕನ್ನು ಗ್ರಹಿಸುವ ಫೋಟೋಸೆಲ್ ಇತ್ತು. ಆಗ ಬೆಳಕು ಬೀರುತ್ತಿದ್ದುದು ಬಂದೂಕೇ. ಆ ಬೆಳಕು ಬಾತುಕೋಳಿಗೆ ತಾಗಿದರೆ ಅದು ಉರುಳುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ವಾಯುರಕ್ಷಣೆಯ ಸೇಜ್ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಸಿಬ್ಬಂದಿ ರೇಡಾರ್ ಪರದೆಯ ಮೇಲಿನ ಚುಕ್ಕೆಗೆ ಬಂದೂಕಿನಂಥ ಸಾಧನ ಹಿಡಿದು ವಿಮಾನವನ್ನು ಗುರುತಿಸುತ್ತಿದ್ದರು. ಬೆಳಕನ್ನು ಕೊಡುವುದು ಪರದೆ, ಅದನ್ನು ಗ್ರಹಿಸುವುದು ಬಂದೂಕು ಎಂಬ ಏರ್ಪಾಡು ಅಲ್ಲಿ ಕಾಣುತ್ತದೆ. ಮುಂದೆ ಮನೆಗಳಿಗೆ ಬಂದದ್ದು ಇದೇ ತತ್ವ.

ಜಪಾನಿನ ನಿಂಟೆಂಡೊ ಕಂಪನಿಯ ಕಥೆ ಇಲ್ಲಿ ಮುಖ್ಯವಾದುದು. ಗುಂಪೇ ಯೊಕೊಯಿ ಮತ್ತು ಆಗ ಶಾರ್ಪ್ ಕಂಪನಿಯಲ್ಲಿದ್ದ ಮಸಾಯುಕಿ ಉಏಮುರ ಸೌರಕೋಶಗಳನ್ನು ಬಳಸಿ ರೂಪಿಸಿದ ಬೆಳಕಿನ ಬಂದೂಕಿನ ಆಟಿಕೆ 1970ರಲ್ಲಿ ಮಾರುಕಟ್ಟೆಗೆ ಬಂತು. 1973ರಲ್ಲಿ ಅದೇ ಕಂಪನಿ ಬೌಲಿಂಗ್ ಅಂಗಣಗಳನ್ನು ಬೆಳಕಿನ ಬಂದೂಕಿನ ಗುರಿಯಾಟದ ಅಂಗಣಗಳನ್ನಾಗಿ ಬದಲಿಸಿತು. ಉಏಮುರ ಮುಂದೆ ನಿಂಟೆಂಡೊ ಸೇರಿ ಫ್ಯಾಮಿಕಾಂ ಎಂಬ ಪ್ರಸಿದ್ಧ ಗೇಮ್ ಯಂತ್ರದ ವಿನ್ಯಾಸದ ಮುಂದಾಳು ಆದರು. ಆ ಯಂತ್ರಕ್ಕೆ 1984ರಲ್ಲಿ ಬಂದ ಬಂದೂಕು, ಅದೇ ವರ್ಷ ಬಂದ ‘ಡಕ್ ಹಂಟ್’ ಆಟ, ಮರುವರ್ಷ ಅಮೆರಿಕದಲ್ಲಿ ಜ್ಯಾಪರ್ ಎಂಬ ಹೆಸರಿನಲ್ಲಿ ಸಿಕ್ಕ ಅದರ ಇನ್ನೊಂದು ರೂಪ ಲೈಟ್ ಗನ್ನನ್ನು ಜಗತ್ತಿಗೆಲ್ಲ ಪರಿಚಯಿಸಿದವು. 1990ರ ದಶಕದಲ್ಲಿ ಕರ್ನಾಟಕದ ಊರುಗಳಲ್ಲೂ ಟಿವಿ ವಿಡಿಯೋ ಗೇಮ್ ಎಂದು ಮಾರಾಟವಾಗುತ್ತಿದ್ದ ಅಗ್ಗದ ಸೆಟ್‌ಗಳು ಹೆಚ್ಚಾಗಿ ಈ ಫ್ಯಾಮಿಕಾಂನ ನಕಲುಗಳು. ಎರಡು ಕಂಟ್ರೋಲರ್‌ಗಳ ಜೊತೆ ಒಂದು ಪ್ಲಾಸ್ಟಿಕ್ ಬಂದೂಕೂ ಪೆಟ್ಟಿಗೆಯಲ್ಲಿರುತ್ತಿತ್ತು. ಬೇಸಿಗೆ ರಜೆಯಲ್ಲಿ ಹುಲ್ಲಿನ ಮರೆಯಿಂದ ಮೇಲೇಳುವ ಬಾತುಕೋಳಿಗೆ ಗುರಿಯಿಟ್ಟವರಲ್ಲಿ ಅನೇಕರು ಇಂದು ಮನೆಯಲ್ಲೇ ಆರ್ಕೇಡ್ ಕಟ್ಟುವ ವಯಸ್ಸಿಗೆ ಬಂದಿದ್ದಾರೆ.

ಆರ್ಕೇಡ್‌ಗಳಲ್ಲಿ ಇದರ ಏಳ್ಗೆಯ ಕಾಲ 1987ರಿಂದ ಸುಮಾರು ಹದಿನೈದು ವರ್ಷ. ಟೈಟೊ ಕಂಪನಿಯ ‘ಆಪರೇಷನ್ ವುಲ್ಫ್’ (1987), ಕೊನಾಮಿಯ ‘ಲೀಥಲ್ ಎನ್‌ಫೋರ್ಸರ್ಸ್’ (1992), ಸೆಗಾದ ‘ವರ್ಚುವಾ ಕಾಪ್’ (1994), ನಾಮ್ಕೊದ ‘ಪಾಯಿಂಟ್ ಬ್ಲಾಂಕ್’ (1994) ಮತ್ತು ‘ಟೈಮ್ ಕ್ರೈಸಿಸ್’ (1995), ಮತ್ತೆ ಸೆಗಾದ ‘ದ ಹೌಸ್ ಆಫ್ ದ ಡೆಡ್’ (1997) ಈ ಕಾಲದವು. ಮನೆಯ ಕ್ಯಾಬಿನೆಟ್ ಕಟ್ಟುವವರ ಪಟ್ಟಿಯಲ್ಲಿ ಇವತ್ತಿಗೂ ಮೊದಲು ಕಾಣುವುದು ಇವೇ ಹೆಸರುಗಳು. ‘ಪಾಯಿಂಟ್ ಬ್ಲಾಂಕ್’ನಲ್ಲಿ ರಕ್ತಪಾತವಿಲ್ಲ, ಎಲೆ ಉದುರುವುದು, ಗುರಿಹಲಗೆ ಹಾರುವುದು ಇಂಥ ಪುಟ್ಟ ಪಂದ್ಯಗಳೇ ಇವೆ. ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಆಟ ಈ ಗುಂಪಿನಲ್ಲಿಲ್ಲ.

ಪಿಕ್ಚರ್ ಟ್ಯೂಬಿನ ಮುಂದೆ

ಹಳೆಯ ಬಂದೂಕುಗಳು ಹೆಚ್ಚಾಗಿ ಪಿಕ್ಚರ್ ಟ್ಯೂಬ್ ಟಿವಿಯ ಗುಣವನ್ನೇ ನೆಚ್ಚಿಕೊಂಡಿದ್ದವು. ಟ್ಯೂಬಿನ ಹಿಂಬದಿಯಿಂದ ಹೊರಡುವ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಗೆರೆ ಎಳೆಯುತ್ತ ಮೇಲಿನಿಂದ ಕೆಳಗಿಳಿಯುತ್ತದೆ. ಅಮೆರಿಕ, ಜಪಾನಿನ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 15,734 ಗೆರೆಗಳು. ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 15,625. ಒಂದೊಂದು ಗೆರೆಗೆ ಸುಮಾರು 64 ಮೈಕ್ರೊಸೆಕೆಂಡು. ಪರದೆಯ ಯಾವ ಬಿಂದು ಯಾವ ಗಳಿಗೆಯಲ್ಲಿ ಬೆಳಗುತ್ತದೆ ಎಂಬುದು ಗೇಮ್ ಯಂತ್ರಕ್ಕೆ ಮೊದಲೇ ಗೊತ್ತು.

ಜ್ಯಾಪರ್‌ನಂಥ ಸರಳ ಬಂದೂಕು ಈ ಗೆರೆಗಳನ್ನು ಎಣಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಟ್ರಿಗರ್ ಎಳೆದ ಕೂಡಲೇ ಆಟ ಪರದೆಯನ್ನು ಒಂದು ಕ್ಷಣ ಕಪ್ಪಾಗಿಸಿ, ಮರುಕ್ಷಣ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕವನ್ನು ತೋರಿಸುತ್ತಿತ್ತು. ಕಪ್ಪಿನ ನಂತರ ಬಂದೂಕಿಗೆ ಬಿಳುಪು ಕಂಡರೆ ಗುರಿ ತಗುಲಿದಂತೆ. ಎರಡು ಬಾತುಕೋಳಿಗಳಿದ್ದರೆ ಎರಡು ಚೌಕಗಳು ಒಂದರ ಹಿಂದೊಂದು ಮೂಡುತ್ತಿದ್ದವು. ಬಿಳುಪು ಎಷ್ಟನೆಯ ಸರದಿಯಲ್ಲಿ ಕಂಡಿತು ಎಂಬುದರಿಂದ ಸತ್ತ ಹಕ್ಕಿ ಯಾವುದೆಂದು ತಿಳಿಯುತ್ತಿತ್ತು. ಬಲ್ಬಿಗೆ ಗುರಿಯಿಟ್ಟು ಅಂಕ ಗಳಿಸುವ ಉಪಾಯವೂ ಇದರ ಮುಂದೆ ನಡೆಯುತ್ತಿರಲಿಲ್ಲ, ಏಕೆಂದರೆ ಕಪ್ಪು ಇರಬೇಕಾದ ಕ್ಷಣದಲ್ಲೂ ಬೆಳಕು ಕಂಡರೆ ಆ ಹೊಡೆತ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮುಂದಿನ ತಲೆಮಾರಿನ ಬಂದೂಕುಗಳು ಕಾಲವನ್ನೇ ಅಳೆದವು. ಕಿರಣ ಬಂದೂಕಿನ ನೋಟದ ಅಡಿ ಹಾದುಹೋಗುವ ಗಳಿಗೆಯಲ್ಲಿ ಸಂವೇದಕ ಒಂದು ಸಂಕೇತ ಕೊಡುತ್ತದೆ. ಚಿತ್ರ ಶುರುವಾಗಿ ಎಷ್ಟು ಗೆರೆಗಳು ಕಳೆದಿವೆ, ಈ ಗೆರೆಯಲ್ಲಿ ಎಷ್ಟು ದೂರ ಬಂದಿದ್ದೇವೆ ಎಂದು ನೋಡಿದರೆ ಗುರಿಯ ಜಾಗ ಸಿಕ್ಕಿತು. ‘ಟೈಮ್ ಕ್ರೈಸಿಸ್’ ಆಟದ ಜೊತೆ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ನಾಮ್ಕೊದ ಗನ್‌ಕಾನ್ ಈ ಕೆಲಸವನ್ನು ಅತಿ ನಿಖರವಾಗಿ ಮಾಡಿತು. ಟಿವಿಗೆ ಹೋಗುವ ಹಳದಿ ವಿಡಿಯೋ ಪಿನ್ನಿನ ನಡುವೆ ಅದರ ತಂತಿಯನ್ನು ಸಿಕ್ಕಿಸಬೇಕಿತ್ತು, ಏಕೆಂದರೆ ಚಿತ್ರ ಶುರುವಾಗುವ ಗಳಿಗೆ ಬಂದೂಕಿಗೂ ತಿಳಿಯಬೇಕಿತ್ತು. 2001ರ ಗನ್‌ಕಾನ್ 2 ಅದನ್ನೇ ಯುಎಸ್‌ಬಿಗೆ ತಂದಿತು. ಇಂದಿಗೂ ಪಿಕ್ಚರ್ ಟ್ಯೂಬ್ ಉಳಿಸಿಕೊಂಡವರಿಗೆ ಗನ್‌ಕಾನ್ 2 ಬಲು ಉಪಯುಕ್ತ. ಆಸಕ್ತರು ಬರೆದ ಡ್ರೈವರ್ ಬಳಸಿ ಲಿನಕ್ಸ್ ಕಂಪ್ಯೂಟರ್‌ನಲ್ಲೂ ಅದನ್ನು ಬಳಸಬಹುದು.

ಚಪ್ಪಟೆ ಟಿವಿಯ ಮುಂದೆ ಈ ಬಂದೂಕುಗಳು ಏಕೆ ಕೆಲಸ ಮಾಡುವುದಿಲ್ಲ ಎಂಬುದು ಈಗ ಸ್ಪಷ್ಟವಾಗಬೇಕು. ಎಲ್‌ಸಿಡಿ ಪರದೆಯಲ್ಲಿ ಓಡುವ ಕಿರಣವಿಲ್ಲ. ಒಮ್ಮೆ ಮೂಡಿದ ಬಿಂದು ಮುಂದಿನ ಚಿತ್ರ ಬರುವವರೆಗೆ ಬೆಳಗುತ್ತಲೇ ಇರುತ್ತದೆ. ಜೊತೆಗೆ ಟಿವಿ ತನ್ನೊಳಗೆ ಚಿತ್ರವನ್ನು ಹಿಗ್ಗಿಸಿ ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ. ಬರೀ 10 ಮಿಲಿಸೆಕೆಂಡು ತಡವಾದರೂ ಹಳೆಯ ಲೆಕ್ಕದಲ್ಲಿ ಅದು 157 ಗೆರೆಗಳಷ್ಟು ತಪ್ಪು, ಅಂದರೆ ಪರದೆಯ ಅರ್ಧಕ್ಕಿಂತ ಹೆಚ್ಚು. ಪಿಕ್ಚರ್ ಟ್ಯೂಬ್ ಟಿವಿಗಳಲ್ಲೂ 100 ಹರ್ಟ್ಸ್ ಎಂದು ಮಾರಾಟವಾದವು ಹಳೆಯ ಬಂದೂಕುಗಳಿಗೆ ಒಗ್ಗುವುದಿಲ್ಲ. ಅವೂ ಚಿತ್ರವನ್ನು ಮೊದಲು ಸ್ಮೃತಿಯಲ್ಲಿಟ್ಟುಕೊಂಡು ಎರಡು ಸಲ ತೋರಿಸುತ್ತವೆ. ಹಳೆಯ ಟಿವಿ ಹುಡುಕುವವರು ಈ ಒಂದು ಸಂಗತಿಯನ್ನು ಕೇಳಿ ತಿಳಿದುಕೊಂಡೇ ಹಣ ಕೊಡಬೇಕು.

ಚಪ್ಪಟೆ ಪರದೆಯ ಬಂದೂಕುಗಳು

ಈಗಿನ ಬಂದೂಕುಗಳು ಚಿತ್ರದ ಬೆಳಕಿನ ಗಳಿಗೆಯನ್ನು ನೋಡುವುದಿಲ್ಲ. ಅವುಗಳ ನಳಿಕೆಯಲ್ಲಿ ಪುಟ್ಟ ಕ್ಯಾಮರಾ ಇರುತ್ತದೆ. ಪರದೆಯ ಸುತ್ತ ಇರುವ ಯಾವುದೋ ಗುರುತನ್ನು ನೋಡಿ ತಾನು ಎತ್ತ ತಿರುಗಿದ್ದೇನೆ ಎಂದು ಬಂದೂಕು ಕಂಡುಕೊಳ್ಳುತ್ತದೆ. ಆ ಗುರುತುಗಳು ಎಂಥವು, ಎಷ್ಟಿವೆ ಎಂಬುದರಲ್ಲೇ ಎಲ್ಲ ವ್ಯತ್ಯಾಸವೂ ಅಡಗಿದೆ.

ಮೊದಲನೆಯದು ಎರಡು ಬಿಂದುಗಳ ಪದ್ಧತಿ. 2006ರಲ್ಲಿ ಬಂದ ನಿಂಟೆಂಡೊ ವೀ ಯಂತ್ರದ ರಿಮೋಟ್ ಇದನ್ನು ಮನೆಮನೆಗೆ ತಂದಿತು. ಟಿವಿಯ ಮೇಲೋ ಕೆಳಗೋ ಇಡುವ ಪಟ್ಟಿಯ ಎರಡು ತುದಿಗಳಲ್ಲಿ ಅವಕೆಂಪು ಎಲ್‌ಇಡಿಗಳಿರುತ್ತವೆ. ಈ ಬೆಳಕು ಕಣ್ಣಿಗೆ ಕಾಣದು, ರಿಮೋಟಿನ ಕ್ಯಾಮರಾಕ್ಕೆ ಕಾಣುತ್ತದೆ. ಪಟ್ಟಿಯಲ್ಲಿ ಬೆಳಕು ಬಿಟ್ಟರೆ ಬೇರೆ ಬುದ್ಧಿಯಿಲ್ಲ. ಅದರ ಬದಲು ಎರಡು ಮೇಣದಬತ್ತಿ ಹಚ್ಚಿಟ್ಟರೂ ರಿಮೋಟ್ ಕೆಲಸ ಮಾಡುತ್ತದೆ. ಮೇಫ್ಲ್ಯಾಶ್ ಕಂಪನಿಯ ಡಾಲ್ಫಿನ್‌ಬಾರ್ ಎಂಬ ಪಟ್ಟಿಯನ್ನು ಕೊಂಡರೆ ಹಳೆಯ ವೀ ರಿಮೋಟನ್ನೇ ಕಂಪ್ಯೂಟರ್‌ಗೆ ಮೌಸ್‌ನಂತೆ ಜೋಡಿಸಬಹುದು. ಖರ್ಚು ಕಡಿಮೆ, ತಂತಿಯಿಲ್ಲ. ಬ್ರಿಟನ್ನಿನ ಅಲ್ಟಿಮಾರ್ಕ್ ಕಂಪನಿಯ ಏಮ್‌ಟ್ರ್ಯಾಕ್ ಕೂಡ ಪರದೆಯ ಅಂಚಿಗೆ ಎಲ್‌ಇಡಿ ಪಟ್ಟಿಯೊಂದನ್ನು ಇಟ್ಟು ಆಡುವ ಬಂದೂಕು. ಇದು ಬಂದೂಕಾಗಿಯೇ ರೂಪುಗೊಂಡದ್ದು, ಹಿಡಿತ ಗಟ್ಟಿ, ಒದೆಯುವ ಮಾದರಿಯೂ ಇದೆ. ಮನೆಯ ಕ್ಯಾಬಿನೆಟ್ ಕಟ್ಟುವವರು ವರ್ಷಗಳ ಕಾಲ ಇದನ್ನೇ ನೆಚ್ಚಿದ್ದರು.

ಎರಡೇ ಬಿಂದುಗಳಿಂದ ಸಿಗುವ ಮಾಹಿತಿ ಸಾಲದು ಎಂಬುದೇ ಈ ಪದ್ಧತಿಯ ಕೊರತೆ. ಆಡುವವರು ದೂರ ಸರಿದರೆ ಎರಡು ಚುಕ್ಕೆಗಳು ಹತ್ತಿರವಾದಂತೆ ಕಾಣುತ್ತವೆ. ಪಕ್ಕಕ್ಕೆ ಸರಿದು ಓರೆಯಿಂದ ನೋಡಿದರೂ ಹತ್ತಿರವಾದಂತೆಯೇ ಕಾಣುತ್ತವೆ. ಆದದ್ದು ಇದರಲ್ಲಿ ಯಾವುದೆಂದು ಬಂದೂಕಿಗೆ ತಿಳಿಯದು. ಹೀಗಾಗಿ ಗುರಿ ಹೊಂದಿಸಿದ ಜಾಗದಲ್ಲೇ ನಿಂತು ಆಡಿದರೆ ಚೆನ್ನಾಗಿರುತ್ತದೆ. ಎತ್ತರದವರು ಹೊಂದಿಸಿದ ಬಂದೂಕನ್ನು ಕುಳ್ಳಗಿನವರು ಹಿಡಿದರೆ, ಅಥವಾ ಇಬ್ಬರು ಅಕ್ಕಪಕ್ಕ ನಿಂತರೆ ಗುರಿ ಜಾರತೊಡಗುತ್ತದೆ. ಪರದೆಯ ಮೇಲೆ ಗುರಿಚಿಹ್ನೆಯನ್ನು ತೋರಿಸಿಕೊಂಡು ಆಡಿದರೆ ಈ ತಪ್ಪನ್ನು ಕೈಯೇ ಸರಿಪಡಿಸಿಕೊಳ್ಳುತ್ತದೆ, ನಿಜ. ಆದರೆ ಪರದೆಯ ಮೇಲೆ ಓಡಾಡುವ ಚಿಹ್ನೆಯನ್ನು ನೋಡಿ ಹೊಡೆಯುವುದಕ್ಕೂ ನಳಿಕೆಯ ಮೇಲೆ ಕಣ್ಣಿಟ್ಟು ಹೊಡೆಯುವುದಕ್ಕೂ ಅಜಗಜಾಂತರ. ಆ ಚಿಹ್ನೆ ಬೇಕೇ ಬೇಕು ಎನ್ನುವಂತಾದರೆ ಕೈಯಲ್ಲಿರುವುದು ಬಂದೂಕಿನ ಆಕಾರದ ಮೌಸ್ ಮಾತ್ರ.

ನಾಲ್ಕು ಬಿಂದುಗಳ ಪದ್ಧತಿ ಈ ಕೊರತೆಯನ್ನು ನೀಗಿಸಿತು. ಕೇರಂ ಬೋರ್ಡನ್ನು ನೆತ್ತಿಯ ಮೇಲಿನಿಂದ ನೋಡಿದರೆ ಚೌಕ, ಒಂದು ಪಕ್ಕದಲ್ಲಿ ಕುಳಿತು ನೋಡಿದರೆ ಆಚೆಯ ಅಂಚು ಕಿರಿದಾದ ಆಕೃತಿ. ಅದರ ನಾಲ್ಕು ಮೂಲೆಗಳು ಹೇಗೆ ಕಾಣುತ್ತವೆ ಎಂಬುದರಿಂದಲೇ ನೋಡುವವನು ಎಲ್ಲಿ ಕುಳಿತಿದ್ದಾನೆಂದು ಹೇಳಬಹುದು. ಪರದೆಯ ಸುತ್ತ ನಾಲ್ಕು ಕಡೆ ಅವಕೆಂಪು ಎಲ್‌ಇಡಿಗಳನ್ನು ಅಂಟಿಸಿದರೆ ಬಂದೂಕಿಗೂ ಇದೇ ಮಾಹಿತಿ ಸಿಗುತ್ತದೆ. ಹತ್ತಿರ ಬಂದರೂ, ಓರೆಯಾದರೂ, ಬಂದೂಕನ್ನು ಅಡ್ಡ ತಿರುಗಿಸಿ ಹಿಡಿದರೂ ಗುರಿ ತಪ್ಪುವುದಿಲ್ಲ. ಗನ್‌ಫೋರ್‌ಐಆರ್ ಎಂಬುದು ಈ ಪದ್ಧತಿಯಲ್ಲಿ ಬಹಳ ಜನಪ್ರಿಯವಾದ ವ್ಯವಸ್ಥೆ. ವೀ ರಿಮೋಟ್‌ನಲ್ಲಿದ್ದ ಬಗೆಯದೇ ಕ್ಯಾಮರಾ, ಬೆರಳುದ್ದದ ಆರ್ಡುಯಿನೊ ಬೋರ್ಡ್, ನಾಲ್ಕಾರು ಗುಂಡಿಗಳು, ಇಷ್ಟನ್ನು ಹಳೆಯ ಯಾವುದಾದರೂ ಆಟಿಕೆ ಬಂದೂಕಿನೊಳಗೆ ಕೂರಿಸಿ ಬೆಸುಗೆ ಹಾಕಬೇಕು. ಲೆಕ್ಕವೆಲ್ಲ ಬಂದೂಕಿನೊಳಗಿನ ಚಿಪ್ಪಿನಲ್ಲೇ ನಡೆಯುವುದರಿಂದ ಕಂಪ್ಯೂಟರ್‌ಗೆ ಹೊರೆಯಿಲ್ಲ. ಓಪನ್‌ಫೈರ್ ಎಂಬುದು ಇದೇ ಕೆಲಸ ಮಾಡುವ ಮುಕ್ತ ತಂತ್ರಾಂಶ. ಆರ್‌ಪಿ2040 ಚಿಪ್ಪಿನ ಬೋರ್ಡುಗಳಲ್ಲಿ ಓಡುತ್ತದೆ. ಬೆಸುಗೆ ಬಾರದವರಿಗೆ ಸಿದ್ಧ ಬಂದೂಕುಗಳೂ ಮಾರುಕಟ್ಟೆಯಲ್ಲಿವೆ.

ಮೂರನೆಯ ಪದ್ಧತಿ ಸಿಂಡೆನ್ ಲೈಟ್‌ಗನ್‌ನದು. ಬ್ರಿಟನ್ನಿನ ಆಂಡಿ ಸಿಂಡೆನ್ 2019ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದ ಹಣ ಕೂಡಿಸಿ ಇದನ್ನು ತಯಾರಿಗೆ ತಂದರು. ಇದಕ್ಕೆ ಎಲ್‌ಇಡಿಗಳೇ ಬೇಡ. ಆಟದ ಚಿತ್ರದ ಸುತ್ತ ಪರದೆಯಲ್ಲೇ ಒಂದು ಬಿಳಿಯ ಅಂಚನ್ನು ತೋರಿಸಲಾಗುತ್ತದೆ. ಬಂದೂಕಿನ ಸಾಮಾನ್ಯ ಬಣ್ಣದ ಕ್ಯಾಮರಾ ಆ ಅಂಚಿನ ಆಯತವನ್ನು ನೋಡುತ್ತದೆ. ಕಂಪ್ಯೂಟರ್‌ನಲ್ಲಿರುವ ತಂತ್ರಾಂಶ ಆ ಚಿತ್ರದಿಂದ ಗುರಿಯನ್ನು ಲೆಕ್ಕ ಹಾಕುತ್ತದೆ. ನಾಲ್ಕು ಮೂಲೆಗಳು ಸಿಗುವುದರಿಂದ ಗುರಿ ನೇರ. ಟಿವಿಗೆ ಏನನ್ನೂ ಅಂಟಿಸಬೇಕಾಗಿಲ್ಲ, ಪ್ರೊಜೆಕ್ಟರ್‌ಗೂ ಹೊಂದುತ್ತದೆ. ಆದರೆ ಬಿಳಿ ಅಂಚು ಸದಾ ಕಣ್ಣಿಗೆ ಬೀಳುತ್ತದೆ ಮತ್ತು ಕಂಪ್ಯೂಟರ್ ಸ್ವಲ್ಪ ಬಲವಾಗಿರಬೇಕು. ಎರಡು ಬಂದೂಕುಗಳೆಂದರೆ ಎರಡು ಕ್ಯಾಮರಾಗಳ ವಿಡಿಯೋ ಒಟ್ಟಿಗೆ ಒಳಗೆ ಬರುವುದರಿಂದ ಅವನ್ನು ಒಂದೇ ಯುಎಸ್‌ಬಿ ಹಬ್ಬಿಗೆ ಸಿಕ್ಕಿಸದೆ ಬೇರೆ ಬೇರೆ ಪೋರ್ಟುಗಳಿಗೆ ಜೋಡಿಸುವುದು ಲೇಸು. ಹಳೆಯ 4:3 ಅಳತೆಯ ಆಟಗಳನ್ನು ಅಗಲ ಪರದೆಯಲ್ಲಿ ಆಡುವಾಗ ಹೇಗೂ ಎರಡೂ ಬದಿ ಖಾಲಿ ಉಳಿಯುತ್ತದೆ. ಅಲ್ಲಿ ಬಿಳಿ ಅಂಚು ಬಂದರೆ ಆಟಕ್ಕೆ ಅಡ್ಡಿಯಾಗುವುದಿಲ್ಲ.

ಇವೆಲ್ಲಕ್ಕಿಂತ ಬೇರೆಯಾದ ಒಂದು ಬಗೆಯಿದೆ. ಮಿಡ್‌ವೇ ಕಂಪನಿಯ ‘ಟರ್ಮಿನೇಟರ್ 2’ (1991) ಯಂತ್ರದಲ್ಲಿ ಬಂದೂಕು ಕ್ಯಾಬಿನೆಟ್ಟಿಗೇ ಕೀಲಿನ ಮೇಲೆ ಕೂತಿತ್ತು. ಅದು ಬೆಳಕನ್ನು ನೋಡುತ್ತಿರಲಿಲ್ಲ. ರೇಡಿಯೋದ ಶಬ್ದ ಏರಿಳಿಸುವ ಗುಂಡಿಯೊಳಗೆ ಇರುವಂಥ ಪೊಟೆನ್ಷಿಯೊಮೀಟರ್‌ಗಳು ಬಂದೂಕು ಎಷ್ಟು ತಿರುಗಿತು ಎಂಬುದನ್ನು ಅಳೆಯುತ್ತಿದ್ದವು. ಯಾವ ಪರದೆಯಾದರೂ ಇದಕ್ಕೆ ಒಂದೇ, ಕೋಣೆಯ ಬೆಳಕಿನ ಕಾಟವೂ ಇಲ್ಲ. ಜಾಗ ತಿನ್ನುತ್ತದೆ, ಭಾರ ತಾಳಲು ಗಟ್ಟಿ ಹಲಗೆ ಬೇಕು, ಎಡೆಬಿಡದ ಗುಂಡಿನ ಸುರಿಮಳೆಯ ಆಟಗಳಿಗೆ ಮಾತ್ರ ಸೊಗಸು.

ದೂರದ ಲೆಕ್ಕ

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಬಂದೂಕಿನ ಕ್ಯಾಮರಾಕ್ಕೆ ಪರದೆಯ ಸುತ್ತಲಿನ ಗುರುತುಗಳು ಒಟ್ಟಿಗೆ ಕಾಣಬೇಕು. ವೀ ರಿಮೋಟಿನ ಬಗೆಯ ಕ್ಯಾಮರಾದ ನೋಟ ಅಡ್ಡಡ್ಡ ಸುಮಾರು 33 ಡಿಗ್ರಿ ಮಾತ್ರ. 24 ಇಂಚಿನ ಅಗಲ ಮಾನಿಟರ್ ಸುಮಾರು 53 ಸೆಂ.ಮೀ. ಅಗಲವಿರುತ್ತದೆ, ಅದರ ಎರಡೂ ಅಂಚು ಕಾಣಬೇಕಾದರೆ ನಳಿಕೆ ಕನಿಷ್ಠ 90 ಸೆಂ.ಮೀ. ದೂರವಿರಬೇಕು. 43 ಇಂಚಿನ ಟಿವಿಯ ಅಗಲ 95 ಸೆಂ.ಮೀ.; ಅದಕ್ಕೆ 160 ಸೆಂ.ಮೀ. ಬೇಕು. ಈ ದೂರವನ್ನು ಅಳೆಯಬೇಕಾದದ್ದು ನಳಿಕೆಯ ತುದಿಯಿಂದ, ಕಣ್ಣಿನಿಂದಲ್ಲ. ಚಾಚಿದ ತೋಳು, ಬಂದೂಕಿನ ಉದ್ದ ಸೇರಿ ಸುಮಾರು 70 ಸೆಂ.ಮೀ. ಮುಂದೆ ಹೋಗುತ್ತದೆ. ಅಂದರೆ 43 ಇಂಚಿನ ಟಿವಿಯ ಮುಂದೆ ಆಡುವವರು ಎರಡು ಮೀಟರಿಗಿಂತ ಹಿಂದೆಯೇ ನಿಲ್ಲಬೇಕಾಗುತ್ತದೆ. ಅಗಲ ನೋಟದ ಮಸೂರ ಹಾಕಿದರೆ ಈ ದೂರ ತಗ್ಗುತ್ತದೆ. ಅಂಚಿನ ಗುರಿ ಹೊಡೆಯುವಾಗ ಎದುರಿನ ಅಂಚಿನ ಬಿಂದು ಕ್ಯಾಮರಾದಿಂದ ಮರೆಯಾದರೂ ಉಳಿದವುಗಳಿಂದ ಅದರ ಜಾಗವನ್ನು ಊಹಿಸುವ ಜಾಣ್ಮೆಯೂ ಒಳ್ಳೆಯ ತಂತ್ರಾಂಶಗಳಲ್ಲಿದೆ. ಆದರೂ ಲೆಕ್ಕವನ್ನು ಮೀರುವಂತಿಲ್ಲ.

ಸಾಮಾನ್ಯ ನಿಲುವಿನ ಕ್ಯಾಬಿನೆಟ್‌ನಲ್ಲಿ ಜಾಯ್‌ಸ್ಟಿಕ್ ಹಿಡಿದು ಆಡುವವರ ಮುಖ ಪರದೆಯಿಂದ ಒಂದು ತೋಳಿನ ಅಂತರದಲ್ಲಿರುತ್ತದೆ. ಆ ಜಾಗದಲ್ಲಿ ನಿಂತು ಬಂದೂಕು ಎತ್ತಿದರೆ ನಳಿಕೆ ಗಾಜಿಗೆ ಬಡಿಯುತ್ತದೆ. ಎರಡು ಹೆಜ್ಜೆ ಹಿಂದೆ ಸರಿಯಲು ಜಾಗವಿಲ್ಲದ ಕೋಣೆಯಲ್ಲಿ ಕ್ಯಾಬಿನೆಟ್ಟಿಗೆ ಬಂದೂಕು ಸೇರಿಸುವುದೇ ವ್ಯರ್ಥ. ಆರ್ಕೇಡ್‌ಗಳ ಬಂದೂಕಿನ ಯಂತ್ರಗಳನ್ನು ನೋಡಿ: ಅವುಗಳಲ್ಲಿ ಜಾಯ್‌ಸ್ಟಿಕ್ ಹಲಗೆಯೇ ಇರುತ್ತಿರಲಿಲ್ಲ, ಪರದೆ ದೊಡ್ಡದು, ಬಂದೂಕಿನ ಒರೆ ಸೊಂಟದ ಎತ್ತರದಲ್ಲಿ. ಮನೆಯಲ್ಲೂ ಬಂದೂಕಿನ ಆಟಗಳೇ ಮುಖ್ಯವೆನ್ನುವವರು ಗೋಡೆಗೆ ಟಿವಿ ತೂಗುಹಾಕಿ, ಗುಂಡಿಗಳ ಹಲಗೆಯನ್ನು ಬೇರೆಯೇ ಕಂಬದ ಮೇಲೆ ಕೂರಿಸಿಕೊಳ್ಳುವುದು ಒಳ್ಳೆಯದು. ಕ್ಯಾಬಿನೆಟ್ಟಿನ ಅಂದ ಹೋಗುತ್ತದೆ ಎಂದು ಕೊರಗುವವರಿದ್ದಾರೆ. ಆಟ ಉಳಿಯುತ್ತದೆ ಎಂಬುದು ಈ ಲೇಖಕರ ಉತ್ತರ.

ಕೋಣೆಯ ಬೆಳಕನ್ನೂ ಗಮನಿಸಬೇಕು. ಬಿಸಿಲು, ಹಳೆಯ ತಂತಿಬಲ್ಬು, ಹ್ಯಾಲೊಜನ್ ದೀಪ, ಎಣ್ಣೆದೀಪ ಇವೆಲ್ಲ ಅವಕೆಂಪು ಬೆಳಕನ್ನು ಧಾರಾಳವಾಗಿ ಚೆಲ್ಲುತ್ತವೆ. ಟಿವಿಯ ಪಕ್ಕದ ಗೂಡಿನಲ್ಲಿ ದೇವರ ದೀಪ ಉರಿಯುತ್ತಿದ್ದರೆ ಬಂದೂಕು ಅದನ್ನೂ ಒಂದು ಬಿಂದುವೆಂದು ಎಣಿಸಿ ಗುರಿ ಕುಣಿಯತೊಡಗುತ್ತದೆ. ಎಲ್‌ಇಡಿ ಬಲ್ಬುಗಳಿಂದ ಈ ತೊಂದರೆ ಇಲ್ಲ. ಬಿಳಿ ಅಂಚನ್ನು ನೋಡುವ ಸಿಂಡೆನ್‌ಗೆ ಅವಕೆಂಪಿನ ಚಿಂತೆಯಿಲ್ಲ. ಪರದೆಯ ಮೇಲೆ ಬೀಳುವ ಕಿಟಕಿಯ ಪ್ರತಿಫಲನ ಅದರ ಶತ್ರು. ಮಾನಿಟರ್ ಮುಂದೆ ಹೊಳಪಿನ ಗಾಜು ಅಥವಾ ಅಕ್ರಿಲಿಕ್ ಹಾಳೆ ಕೂರಿಸುವವರು ಎರಡೂ ಪದ್ಧತಿಗಳಿಗೆ ಅಡ್ಡಿ ತಂದುಕೊಳ್ಳುತ್ತಾರೆ, ಎಲ್‌ಇಡಿಗಳ ಪ್ರತಿಬಿಂಬಗಳೇ ಸುಳ್ಳು ಬಿಂದುಗಳಾಗಿ ಕಾಣುತ್ತವೆ.

ಟಿವಿಯ ಗೇಮ್ ಮೋಡ್ ತಪ್ಪದೆ ಹಾಕಬೇಕು. 60 ಹರ್ಟ್ಸ್‌ನಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು, ಚಿತ್ರ ತಿದ್ದುವ ಸೌಲಭ್ಯಗಳನ್ನು ಚಾಲೂ ಇಟ್ಟರೆ ಕೆಲವು ಟಿವಿಗಳು ಹಲವು ಚಿತ್ರಗಳಷ್ಟು ಹಿಂದೆ ಬೀಳುತ್ತವೆ. ಓಡುವ ಗುರಿಗೆ ಹೊಡೆಯುವಾಗ ಅಷ್ಟು ಸಾಕು, ಹೊಡೆತ ಗಾಳಿಗೆ ಹೋಗುತ್ತದೆ.

ಒದೆತ, ಪೆಡಲ್, ಗುಂಡು ತುಂಬುವುದು

ಒದೆಯುವ ಬಂದೂಕಿನೊಳಗೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತ ಇರುತ್ತದೆ. ವಿದ್ಯುತ್ ಹರಿದಾಗ ಅದರೊಳಗಿನ ಕಬ್ಬಿಣದ ಸರಳು ಚಿಮ್ಮಿ ಬಡಿಯುತ್ತದೆ. ಸಾಮಾನ್ಯ ಯುಎಸ್‌ಬಿ ಪೋರ್ಟಿನಿಂದ ಸಿಗುವ 5 ವೋಲ್ಟ್, ಅರ್ಧ ಆಂಪಿಯರ್ ಇದಕ್ಕೆ ಸಾಲದು. ಆದ್ದರಿಂದ ಪ್ರತ್ಯೇಕ ಅಡಾಪ್ಟರ್, ಅದರ ತಂತಿ, ಅದಕ್ಕೊಂದು ಪ್ಲಗ್ ಎಲ್ಲಕ್ಕೂ ಕ್ಯಾಬಿನೆಟ್ಟಿನೊಳಗೆ ಮೊದಲೇ ಜಾಗ ಮಾಡಬೇಕು. ಒದೆತ ಆಟಕ್ಕೆ ಜೀವ ತುಂಬುತ್ತದೆ, ಅನುಮಾನವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಹತ್ತರ ಮೇಲೆ ಅದರ ಟಕಟಕ ಸದ್ದು ಗೋಡೆಯಾಚೆಗೂ ಕೇಳುತ್ತದೆ ಎಂಬುದೂ ನಿಜ. ಬೇಕಾದಾಗ ಆರಿಸುವ ಸ್ವಿಚ್ಚು ಇರುವ ಮಾದರಿಯನ್ನೇ ಕೊಳ್ಳಬೇಕು. ಟ್ರಿಗರ್ ಎಳೆದಾಗಲೆಲ್ಲ ಒದೆಯುವ ಬಂದೂಕು ಅಗ್ಗದ ಏರ್ಪಾಡು. ಆಟದಲ್ಲಿ ನಿಜವಾಗಿ ಗುಂಡು ಹಾರಿದಾಗ ಮಾತ್ರ ಒದೆಯುವಂತೆ ಮಾಡಲು ಆಟದ ಸಂಕೇತವನ್ನು ಬಂದೂಕಿಗೆ ಮುಟ್ಟಿಸುವ ಮೇಮ್‌ಹುಕರ್‌ನಂಥ ತಂತ್ರಾಂಶ ಬೇಕು. ಖಾಲಿ ಬಂದೂಕು ಒದೆಯದೆ ಸುಮ್ಮನಿರುವುದರಲ್ಲಿ ಒಂದು ಮಜವಿದೆ. ಅದನ್ನು ಅನುಭವಿಸಿದವರು ಈ ಶ್ರಮ ಸಾರ್ಥಕ ಎನ್ನುತ್ತಾರೆ.

‘ವರ್ಚುವಾ ಕಾಪ್’, ‘ಹೌಸ್ ಆಫ್ ದ ಡೆಡ್’ ಆಟಗಳಲ್ಲಿ ಗುಂಡು ತುಂಬಲು ಪರದೆಯ ಹೊರಗೆ ಹೊಡೆಯಬೇಕು. ಹೊಸ ಬಂದೂಕು ಪರದೆಯ ಹೊರಗಿನ ಹೊಡೆತವನ್ನು ಬೇರೆಯಾಗಿ ಗುರುತಿಸಿ ಆಟಕ್ಕೆ ತಿಳಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ‘ಟೈಮ್ ಕ್ರೈಸಿಸ್’ನದು ಬೇರೆಯೇ ಕ್ರಮ: ಕಾಲಡಿಯ ಪೆಡಲ್ ಒತ್ತಿದರೆ ಮರೆಯಿಂದ ಹೊರಬಂದು ಹೊಡೆಯುವುದು, ಬಿಟ್ಟರೆ ಮರೆಗೆ ಸರಿದು ಗುಂಡು ತುಂಬಿಕೊಳ್ಳುವುದು. ಪೆಡಲ್ ಇಲ್ಲದೆ ಗುಂಡಿಯಿಂದ ಆಡಬಹುದು, ಆದರೆ ಆ ಆಟದ ಅರ್ಧ ಸುಖ ಕಾಲಿನಲ್ಲಿದೆ. ಹೊಲಿಗೆ ಯಂತ್ರಕ್ಕೆ ಬಳಸುವಂಥ ಗಟ್ಟಿ ಪೆಡಲ್ ಸ್ವಿಚ್ಚೊಂದನ್ನು ಕೀಬೋರ್ಡ್ ಗುಂಡಿಯಾಗಿ ಜೋಡಿಸಿದರೆ ಕೆಲಸ ಮುಗಿಯಿತು.

ತಂತ್ರಾಂಶ

ಹೊಸ ಬಂದೂಕುಗಳನ್ನು ಕಂಪ್ಯೂಟರ್ ಹೆಚ್ಚಾಗಿ ಮೌಸ್ ಎಂದೇ ತಿಳಿಯುತ್ತದೆ. ಒಂದೇ ಬಂದೂಕಿದ್ದರೆ ಚಿಂತೆಯಿಲ್ಲ. ಎರಡಾದರೆ ವಿಂಡೋಸ್ ಎಲ್ಲ ಮೌಸ್‌ಗಳನ್ನೂ ಒಂದೇ ಬಾಣಕ್ಕೆ ಜೋಡಿಸಿಬಿಡುತ್ತದೆ. ಯಾವ ಬಂದೂಕು ಯಾರದೆಂದು ಬೇರ್ಪಡಿಸಿ ಓದುವ ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಅನುಕರಿಸಿ ಆಟ ಆಡಿಸುವ ತಂತ್ರಾಂಶ, ಬೇಕಾಗುತ್ತದೆ. 1997ರಲ್ಲಿ ನಿಕೊಲಾ ಸಾಲ್ಮೊರಿಯಾ ಆರಂಭಿಸಿದ ಮೇಮ್ ಇದನ್ನು ಮಾಡಬಲ್ಲದು. ಸೆಗಾದ ಮಾಡೆಲ್ 3 ಯಂತ್ರದ ಆಟಗಳಿಗೆ ಸೂಪರ್‌ಮಾಡೆಲ್, ನವೋಮಿ ಯಂತ್ರದವಕ್ಕೆ ಫ್ಲೈಕಾಸ್ಟ್, ಪ್ಲೇಸ್ಟೇಷನ್ 2ರ ಆಟಗಳಿಗೆ ಪಿಸಿಎಸ್‌ಎಕ್ಸ್2 ಇವೆ. ಎರಡು ಬಂದೂಕುಗಳನ್ನು ತಾವಾಗಿ ಅರಿಯದ ಆಟಗಳಿಗೆ ಡೆಮಲ್‌ಶೂಟರ್ ಎಂಬ ನೆರವಿನ ತಂತ್ರಾಂಶ ಇದೆ. ಇವನ್ನೆಲ್ಲ ಒಂದೊಂದಾಗಿ ಹೊಂದಿಸಲು ತಾಳ್ಮೆ ಇಲ್ಲದವರಿಗೆ ಲಿನಕ್ಸ್ ಆಧಾರಿತ ಬಾಟೊಸೆರಾ ಅನುಕೂಲ; ಅದು ಪ್ರಚಲಿತ ಬಂದೂಕುಗಳನ್ನು ತಾನೇ ಗುರುತಿಸುತ್ತದೆ, ಸಿಂಡೆನ್ ಸಿಕ್ಕಿಸಿದರೆ ಬಿಳಿ ಅಂಚನ್ನೂ ತಾನೇ ಹಾಕುತ್ತದೆ. ಎಮ್ಯುಲೇಟರ್‌ಗಳು ಕಾನೂನುಬದ್ಧವಾಗಿ ಉಚಿತವಾಗಿ ಸಿಕ್ಕರೂ ಆಟಗಳ ಹಕ್ಕು ಕಂಪನಿಗಳದೇ. ಕೊಂಡ ಡಿಸ್ಕ್, ಕೊಂಡ ಬೋರ್ಡ್, ಹೊಸದಾಗಿ ಮಾರಾಟವಾಗುವ ಮರುರೂಪಗಳಿಂದ ಆಡುವುದು ಸರಿಯಾದ ದಾರಿ.

ಎಚ್ಚರಿಕೆಗಳು

ಟ್ರಿಗರ್ ಎಳೆದಾಗ ಪರದೆ ಬೆಳ್ಳಗೆ ಮಿಂಚುವ ಹಳೆಯ ಆಟಗಳು ಬೆಳಕಿನ ಮಿಂಚಿಗೆ ಅಪಸ್ಮಾರ ಬರುವವರಿಗೆ ಅಪಾಯಕಾರಿ. ಅಂಥವರಿರುವ ಮನೆಯಲ್ಲಿ ಆಡಬಾರದು. ಪಿಕ್ಚರ್ ಟ್ಯೂಬ್ ಟಿವಿಯನ್ನು ಕ್ಯಾಬಿನೆಟ್ಟಿಗೆ ಕೂರಿಸಲೆಂದು ಬಿಚ್ಚುವುದು ಟಿವಿ ರಿಪೇರಿ ಬಲ್ಲವರ ಕೆಲಸ. ದೊಡ್ಡ ಟ್ಯೂಬಿನೊಳಗೆ 20,000 ವೋಲ್ಟಿಗೂ ಮೀರಿದ ಒತ್ತಡವಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು. ಬಂದೂಕಿನ ಬಣ್ಣವೂ ಬರೀ ಅಲಂಕಾರವಲ್ಲ. ನಿಜವಾದ ಪಿಸ್ತೂಲಿನಂತೆ ಕಾಣುವ ಕಪ್ಪು ಬಂದೂಕಿಗಿಂತ ಕಿತ್ತಳೆ, ನೀಲಿ, ಹಸಿರಿನಂಥ ಢಾಳು ಬಣ್ಣದ್ದನ್ನು ಆರಿಸುವುದು ವಿವೇಕ. ವಿದೇಶದಿಂದ ತರಿಸುವಾಗ ಕಸ್ಟಮ್ಸ್ ತಪಾಸಣೆಯಲ್ಲಿ ತಡೆಯಾಗದಿರಲೂ, ಮಗು ಅದನ್ನು ಹಿಡಿದು ಬೀದಿಗಿಳಿದರೆ ಯಾರೂ ಬೆಚ್ಚದಿರಲೂ ಅದು ನೆರವಾಗುತ್ತದೆ.

ಯಾವುದನ್ನು ಕೊಳ್ಳಬೇಕು

ಚಪ್ಪಟೆ ಪರದೆ ಇದ್ದು, ಅದು ಒಂದೇ ಕಡೆ ನೆಲೆನಿಂತಿದ್ದರೆ ನಾಲ್ಕು ಬಿಂದುಗಳ ಅವಕೆಂಪು ಬಂದೂಕೇ ಇವತ್ತಿಗೆ ಮೇಲು. ಗುರಿ ನಿಖರ, ಪ್ರತಿಕ್ರಿಯೆ ಚುರುಕು, ಪರದೆಯ ಮೇಲೆ ಅಂಚಿಲ್ಲ, ಚಿಹ್ನೆಯಿಲ್ಲದೆ ಆಡಬಹುದು. ಕೈಯಲ್ಲಿ ಬೆಸುಗೆಯ ಕೆಲಸ ಇರುವವರು ತಾವೇ ಕಟ್ಟಿದರೆ ಖರ್ಚೂ ತಗ್ಗುತ್ತದೆ, ಕೆಟ್ಟಾಗ ರಿಪೇರಿಯೂ ತಮ್ಮ ಕೈಯಲ್ಲೇ ಇರುತ್ತದೆ. ಬಾಡಿಗೆ ಮನೆಯಲ್ಲಿರುವವರು, ನಡುಮನೆಯ ಟಿವಿಗೆ ಏನನ್ನೂ ಅಂಟಿಸಲು ಮನೆಯವರು ಒಪ್ಪದವರು, ಪ್ರೊಜೆಕ್ಟರ್ ಬಳಸುವವರು ಸಿಂಡೆನ್ ಕೊಳ್ಳಬಹುದು. ಬಿಳಿ ಅಂಚಿಗೆ ಕಣ್ಣು ಎರಡು ದಿನದಲ್ಲಿ ಒಗ್ಗುತ್ತದೆ. ಮನೆಯಲ್ಲಿ ಹಳೆಯ ವೀ ರಿಮೋಟ್ ಇದ್ದರೆ ಡಾಲ್ಫಿನ್‌ಬಾರ್ ಒಂದನ್ನು ತಂದು ಮೊದಲು ಆಡಿ ನೋಡಿ, ಈ ಆಟಗಳ ಮೇಲಿನ ಆಸೆ ಎಷ್ಟು ದಿನ ಉಳಿಯುತ್ತದೆಂದು ತಿಳಿದುಕೊಂಡು ದೊಡ್ಡ ಖರ್ಚಿಗೆ ಇಳಿಯುವುದು ಜಾಣತನ. ಹೊಸದಾಗಿ ಎರಡು ಬಿಂದುಗಳ ದುಬಾರಿ ಬಂದೂಕು ಕೊಳ್ಳಲು ಈಗ ಕಾರಣ ಉಳಿದಿಲ್ಲ.

ಪಿಕ್ಚರ್ ಟ್ಯೂಬ್ ಇರುವವರ ಮಾತು ಬೇರೆ. ಗನ್‌ಕಾನ್ 2 ಹಿಡಿದು, ಒಳ್ಳೆಯ ಸ್ಥಿತಿಯ 50 ಅಥವಾ 60 ಹರ್ಟ್ಸ್ ಟ್ಯೂಬಿನ ಮುಂದೆ ‘ಟೈಮ್ ಕ್ರೈಸಿಸ್ 2’ ಆಡುವ ಅನುಭವಕ್ಕೆ ಚಪ್ಪಟೆ ಪರದೆಯ ಯಾವ ಏರ್ಪಾಡೂ ಇನ್ನೂ ಸಾಟಿಯಾಗಿಲ್ಲ. ಗುರಿಗೂ ಹೊಡೆತಕ್ಕೂ ನಡುವೆ ಅಲ್ಲಿ ತಡವೇ ಇಲ್ಲ. ಮನೆಬಳಕೆಯ ಪಿಕ್ಚರ್ ಟ್ಯೂಬ್ ಟಿವಿಗಳನ್ನು ದೊಡ್ಡ ಕಂಪನಿಗಳು ಮಾಡುವುದು ನಿಲ್ಲಿಸಿ ವರ್ಷಗಳಾದವು, ಇರುವವು ಒಂದೊಂದಾಗಿ ಗುಜರಿ ಸೇರುತ್ತಿವೆ. ಅಟ್ಟದ ಮೇಲೆ ಇನ್ನೂ ಕೆಲಸ ಮಾಡುವ ಹಳೆಯ ಟಿವಿ ಇದ್ದರೆ ಅದನ್ನು ತೂಕಕ್ಕೆ ಹಾಕಬೇಡಿ. ನಿಮಗೆ ಬೇಡವಾದರೆ ಈ ಆಟಗಳನ್ನು ಆಡುವ ಯಾರಿಗಾದರೂ ಕೊಡಿ.